ಆನ್‌ಲೈನ್ ಖಡ್ಗ, ಕುಲುಮೆ ಕತ್ತಿ: ಎರಡರ ಚರಿತ್ರೆ, ತೋಟದ ಲೆಕ್ಕ

ಈ ವರ್ಷ ಮರಗಸಿ ಶುರುವಾಗೋಕೆ ಮುಂಚೆಯೇ ಮೂರ್ನಾಲ್ಕು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ. ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುವ, ಖಡ್ಗದ ಹಾಗೆ ನೆಟ್ಟಗಿರುವ, ಎರಡೂ ಕಡೆ ಅಲಗಿರುವ ಉದ್ದ ಕತ್ತಿಯನ್ನ ತೋಟಕ್ಕೆ ತರಿಸಬಹುದಾ? ಮೂರು ಸಾವಿರ ಚಿಲ್ಲರೆ ಕೊಟ್ಟರೆ ಅದಕ್ಕೆ ತಕ್ಕ ಕೆಲಸ ಆಗುತ್ತಾ? ವಿಡಿಯೋದಲ್ಲಿ ನೋಡಿದರೆ ಬಾಳೆದಿಂಡು ಒಂದೇ ಏಟಿಗೆ ಎರಡು ತುಂಡು. ನೀರು ತುಂಬಿದ ಬಾಟಲಿ ನಿಂತಲ್ಲೇ ಕತ್ತರಿಸಿ ಬೀಳುತ್ತೆ. ಹುಡುಗರಿಗೆ ಆಸೆ ಆಗೋದು ಸಹಜ.

ಪಕ್ಕದ ತೋಟದವರ ಮಗ ಒಂದು ತರಿಸಿದ್ದ. ಎಂಟು ದಿನ ಇಟ್ಟುಕೊಂಡು ನೋಡಿ ಅಣ್ಣ ಅಂತ ಕೊಟ್ಟ. ಎಂಟು ದಿನವೂ ಬೇರೆ ಬೇರೆ ಕೆಲಸಕ್ಕೆ ಹಿಡಿದೆ. ಅದರ ಜೊತೆಗೆ ಈ ಆಕಾರ ಎಲ್ಲಿಂದ ಬಂತು, ನಮ್ಮ ಕತ್ತಿ ಯಾಕೆ ಹಿಂಗೆ ಬಾಗಿದೆ ಅಂತ ಸಿಕ್ಕಿದ್ದನ್ನೆಲ್ಲ ಓದಿದೆ. ಕತ್ತಿ ಹೆಂಗಿದೆ ಅಂತ ಹೇಳೋಕೆ ಮೊದಲು ಚರಿತ್ರೆ ಹೇಳ್ತೀನಿ. ಅದು ಗೊತ್ತಾದರೆ ಉತ್ತರ ಅರ್ಧ ಅಲ್ಲೇ ಸಿಗುತ್ತೆ.

ಮೊದಲು ಸಾಮಾನಿನ ವಿವರ. ಅಲಗು 19 ಇಂಚು, ಅಗಲ ಎರಡು ಇಂಚು, ದಪ್ಪ ಮೂರು ಮಿಲಿಮೀಟರಿಗಿಂತ ಒಂಚೂರು ಕಡಿಮೆ. ಉದ್ದಕ್ಕೂ ಒಂದೇ ದಪ್ಪದ ತಗಡಿನಿಂದ ಕತ್ತರಿಸಿ, ಎರಡು ಅಂಚಿಗೂ ಸಾಣೆ ಕೊಟ್ಟಿದ್ದಾರೆ. ತುದಿ ಚೂಪು. ಹಿಡಿ ಗಟ್ಟಿ ಪ್ಲಾಸ್ಟಿಕ್ಕು. ಬಣ್ಣ ಕಪ್ಪು. ನೈಲಾನಿನ ಒರೆ ಒಂದಿದೆ. ಈ ಆಕಾರಕ್ಕೆ ರೋಮ್ ದೇಶದ ಸೈನಿಕನ ಖಡ್ಗದ ಹೆಸರನ್ನೇ ಇಟ್ಟು ಮಾರ್ತಾರೆ: ಗ್ಲಾಡಿಯಸ್.

ಹಾಗಾದರೆ ರೋಮಿನವರಿಂದಲೇ ಶುರು ಮಾಡೋಣ. ಗ್ಲಾಡಿಯಸ್ ಅವರ ಕಾಲಾಳಿನ ಗಿಡ್ಡ ಖಡ್ಗ. ಅದನ್ನ ಸ್ಪೇನಿನ ಕಡೆಯ ಜನರಿಂದ ಕಲಿತರು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೈನಿಕ ಎಡಗೈಯಲ್ಲಿ ದೊಡ್ಡ ಗುರಾಣಿ ಹಿಡಿದು, ಪಕ್ಕದವನಿಗೆ ಅಂಟಿಕೊಂಡ ಹಾಗೆ ಸಾಲಿನಲ್ಲಿ ನಿಂತು, ಗುರಾಣಿ ಸಂದಿಯಿಂದ ಮುಂದಕ್ಕೆ ತಿವಿಯೋದಕ್ಕೆ ಬೇಕಾದ ಆಯುಧ ಅದು. ಸಾಲಿನಲ್ಲಿ ಕೈ ಬೀಸೋದಕ್ಕೆ ಜಾಗ ಕಡಿಮೆ, ಅದಕ್ಕೇ ಗಿಡ್ಡ. ತಿವಿಯಬೇಕು, ಅದಕ್ಕೇ ತುದಿ ಚೂಪು, ಮೈ ನೆಟ್ಟಗೆ. ಯಾವ ಕಡೆ ತಿರುಗಿದರೂ ಕೊಯ್ಯಬೇಕು, ಅದಕ್ಕೇ ಎರಡು ಅಲಗು. ಅಂದರೆ ಆಕಾರದ ಒಂದೊಂದು ಗುಣಕ್ಕೂ ಒಂದೊಂದು ಕಾರಣ ಇದೆ. ಆ ಕಾರಣದಲ್ಲಿ ಮರ, ಮುಳ್ಳು, ಪೊದೆ ಯಾವುದೂ ಇಲ್ಲ.

ಹಾಗಂತ ರೋಮಿನ ಸೈನಿಕ ಕಾಡು ಕಡಿಯುತ್ತಿರಲಿಲ್ಲವಾ? ಕಡಿಯುತ್ತಿದ್ದ. ದಂಡು ಹೋದಲ್ಲೆಲ್ಲ ಸಂಜೆ ಹೊತ್ತಿಗೆ ಕಂದಕ ತೋಡಿ, ಗೂಟ ನೆಟ್ಟು ಬೀಡು ಕಟ್ಟಿಕೊಳ್ಳೋದು ಅವರ ಪದ್ಧತಿ. ಮೊದಲನೇ ಶತಮಾನದಲ್ಲಿ ಜೋಸೆಫಸ್ ಅನ್ನೋ ಯಹೂದಿ ಇತಿಹಾಸಕಾರ ರೋಮಿನ ಕಾಲಾಳು ಏನೇನು ಹೊತ್ತು ನಡೀತಾನೆ ಅಂತ ಪಟ್ಟಿ ಕೊಟ್ಟಿದ್ದಾನೆ. ಗರಗಸ, ಬುಟ್ಟಿ, ಗುದ್ದಲಿಯಂಥ ಸಾಮಾನು, ಕೊಡಲಿ, ಅದರ ಜೊತೆಗೆ ಒಂದು ಕುಡುಗೋಲು. ಸೊಂಟದಲ್ಲಿ ಖಡ್ಗ ಇದ್ದೂ ಸೊಪ್ಪುಸದೆ ಕಡಿಯೋಕೆ ಬೇರೆ ಕುಡುಗೋಲು ಹೊತ್ತುಕೊಂಡು ಹೋಗ್ತಿದ್ದ. ಮೈಲಿಗಟ್ಟಲೆ ನಡೆಯೋ ಮನುಷ್ಯ ಸುಮ್ಮಸುಮ್ಮನೆ ಒಂದು ಸೇರು ತೂಕ ಜಾಸ್ತಿ ಹೊರೋದಿಲ್ಲ. ಖಡ್ಗದಲ್ಲಿ ಆ ಕೆಲಸ ಆಗಲ್ಲ ಅಂತ ಗೊತ್ತಿದ್ದರಿಂದ ಹೊತ್ತ.

ಇನ್ನು ಅದೇ ರೋಮಿನ ರೈತ ಏನು ಹಿಡಿತಿದ್ದ? ಅದೇ ಮೊದಲನೇ ಶತಮಾನದಲ್ಲಿ ಕೊಲುಮೆಲ್ಲಾ ಅನ್ನೋನು ಬೇಸಾಯದ ಬಗ್ಗೆ ಹನ್ನೆರಡು ಭಾಗದ ಪುಸ್ತಕ ಬರೆದ. ಹುಟ್ಟಿದ್ದು ಸ್ಪೇನಿನ ಕಾದಿಸ್ ಊರಲ್ಲಿ, ಬೇಸಾಯ ಮಾಡಿದ್ದು ಇಟಲಿಯಲ್ಲಿ. ದ್ರಾಕ್ಷಿ ಬಳ್ಳಿ ಸವರುವ ಕತ್ತಿಯ ಬಗ್ಗೆ ಅವನು ಬರೆದಿರೋದನ್ನ ಓದಿದರೆ ನಮ್ಮ ಕುಲುಮೆ ಆಚಾರ್ರು ಮಾತಾಡಿದ ಹಾಗಿದೆ. ಒಂದೇ ಕತ್ತಿಗೆ ಆರು ಭಾಗ, ಆರಕ್ಕೂ ಬೇರೆ ಬೇರೆ ಹೆಸರು ಹೇಳ್ತಾನೆ. ಹಿಡಿಯ ಹತ್ತಿರದ ನೆಟ್ಟನೆಯ ಭಾಗ ಚಾಕು, ಮುಂದಕ್ಕೆ ಒತ್ತಿ ಕೊಯ್ಯೋಕೆ. ಬಾಗಿದ ಹೊಟ್ಟೆ ತನ್ನ ಕಡೆ ಎಳೆದು ಕೊಯ್ಯೋಕೆ. ಬಾಗಿದ ಮೇಲೆ ಇಳಿಯುವ ಭಾಗ ಉಳಿ, ನಯ ಮಾಡೋಕೆ. ಮುಂದೆ ಕೊಕ್ಕು, ಟೊಳ್ಳು ತೆಗೆಯೋಕೆ. ಬೆನ್ನ ಮೇಲೆ ಅರ್ಧಚಂದ್ರದ ಹಾಗೆ ಪುಟ್ಟ ಕೊಡಲಿ, ಏಟು ಹಾಕೋಕೆ. ಕೊನೆಗೆ ಮೊನೆ, ಸಂದಿಯಲ್ಲಿ ಕೆರೆಯೋಕೆ. ಅವನ ಕಾಲದಲ್ಲೇ ಅವನ ದೇಶದ ಸೈನಿಕ ಜಗತ್ತಿಗೇ ಹೆಸರಾದ ನೆಟ್ಟನೆ ಖಡ್ಗ ಹಿಡಿದಿದ್ದ. ರೈತ ಮಾತ್ರ ಬಾಗಿದ ಕತ್ತಿಯನ್ನ ಬಿಡಲಿಲ್ಲ. ನಾವು ಈವತ್ತು ರೋಮಿನ ಹೆಸರಿನಲ್ಲಿ ಸೈನಿಕನ ಕತ್ತಿ ಕೊಳ್ತಾ ಇದ್ದೀವಿ, ಆದರೆ ನಮ್ಮ ಕಸುಬು ಕೊಲುಮೆಲ್ಲಾನದು.

ಈ ಖಡ್ಗವನ್ನ ಕಾಡು ಕಡಿಯೋಕೆ ಹಿಡಿದು ನೋಡಿದ ಪ್ರಯೋಗ ಈಗಾಗಲೇ ಒಂದು ಸಲ ಆಗಿದೆ, ಅದೂ ಸರ್ಕಾರದ ಖರ್ಚಿನಲ್ಲಿ. 19ನೇ ಶತಮಾನದ ಶುರುವಿನಲ್ಲಿ ಯುರೋಪಿನಲ್ಲಿ ಹಳೇ ರೋಮಿನ ಹುಚ್ಚು ಹಿಡಿದಿತ್ತು. ಕಟ್ಟಡಕ್ಕೆ ರೋಮಿನ ಕಂಬ, ಸೈನಿಕನ ಸೊಂಟಕ್ಕೆ ರೋಮಿನ ಖಡ್ಗ. ಫ್ರಾನ್ಸಿನವರು 1816ರಲ್ಲಿ ಫಿರಂಗಿ ಪಡೆಯವರಿಗೆ ಅಂಥ ಗಿಡ್ಡ ಖಡ್ಗ ಕೊಟ್ಟರು, 1831ರಲ್ಲಿ ಕಾಲಾಳುಗಳಿಗೂ ಒಂದು ನಮೂನೆ ಕೊಟ್ಟರು. ಅಮೆರಿಕದವರು ಫ್ರಾನ್ಸಿನದನ್ನ ನೋಡಿ 1832ರ ನಮೂನೆ ಅಂತ ತಮ್ಮ ಫಿರಂಗಿ ಪಡೆಗೆ ಮಾಡಿಸಿದರು. ಮ್ಯಾಸಚೂಸೆಟ್ಸ್‌ನ ಏಮ್ಸ್ ಕಾರ್ಖಾನೆಯಲ್ಲಿ ತಯಾರಾಯಿತು. ಎರಕದ ಹಿತ್ತಾಳೆ ಹಿಡಿ, ಎರಡು ಅಲಗು, ಅಲಗಿನ ಉದ್ದ 19 ಇಂಚು. ಪಕ್ಕದ ಮನೆ ಹುಡುಗ ತರಿಸಿದ ಕತ್ತಿಯನ್ನ ಟೇಪು ಹಿಡಿದು ಅಳೆದಾಗ ಬಂದ ಲೆಕ್ಕವೂ ಅಷ್ಟೇ.

ಫಿರಂಗಿ ಪಡೆಯವನು ಖಡ್ಗ ಹಿಡಿದು ಕಾದಾಡುವ ಸಂದರ್ಭ ಬರೋದೇ ಅಪರೂಪ. ಹಾಗಾಗಿ ಅದು ದಾರಿ ಬಿಡಿಸೋಕೆ, ಪೊದೆ ಸವರೋಕೆ ಅಂತ ಬಳಕೆಯಾಯಿತು. ಫ್ರಾನ್ಸಿನ ಸೈನಿಕರು ತಮ್ಮ ಖಡ್ಗಕ್ಕೆ ಇಟ್ಟ ಅಡ್ಡಹೆಸರು ಕೂಪ್-ಶೂ, ಅಂದರೆ ಎಲೆಕೋಸು ಹೆಚ್ಚುವ ಕತ್ತಿ. ದಿನಾ ಹಿಡಿದು ನೋಡಿದವರು ಕೊಟ್ಟ ಸರ್ಟಿಫಿಕೇಟ್ ಅದು. ಯುದ್ಧಕ್ಕೂ ಆಗಲಿಲ್ಲ, ಮರಕ್ಕೂ ಆಗಲಿಲ್ಲ, ಎಲೆಕೋಸಿಗೆ ಆಯಿತು. ಸೈನ್ಯದಲ್ಲಿ ನಿಜವಾಗಿ ಸೌದೆ ಕಡಿಯುವ, ಕಡ್ಡಿಹೊರೆ ಕಟ್ಟಿ ಕಂದಕ ತುಂಬಿಸುವ ಪಯೋನಿಯರ್ ಪಡೆಯವರಿಗೆ ಬೇರೆ ನಮೂನೆ ಮಾಡಿದರು. ಅಗಲ ಅಲಗು, ದಪ್ಪ ಬೆನ್ನು, ಬೆನ್ನಿಗೆ ಗರಗಸದ ಹಲ್ಲು. ಬ್ರಿಟಿಷರ 1856ರ ಪಯೋನಿಯರ್ ಖಡ್ಗ ಆ ಜಾತಿಯದು. ಅಂದರೆ ಮರದ ಕೆಲಸ ಬಂದ ಕೂಡಲೇ ಎರಡನೇ ಅಲಗು ಹೋಗಿ ಅಲ್ಲಿ ದಪ್ಪ ಬೆನ್ನು ಬಂತು.

ಈಗ ಮಚೆಟೆ ವಿಚಾರ. ಅದು ಸ್ಪೇನಿನವರ ಮಾತು. ನಮ್ಮ ಬಯಲುಸೀಮೆ ಕಡೆಯ ಮಚ್ಚಿಗೂ ಅದಕ್ಕೂ ಸದ್ದು ಹತ್ತಿರ, ನಂಟು ಇಲ್ಲ. ಅದು ಬೆಳೆದದ್ದು ಅಮೆರಿಕ ಖಂಡದ ಬಿಸಿ ದೇಶಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ. ಕಬ್ಬು, ಹುಲ್ಲು, ಬಾಳೆ, ಎಳೇ ಬಳ್ಳಿ ಎಲ್ಲ ಮೆತ್ತಗಿನ ನೀರುಗಿಡ. ಅದಕ್ಕೆ ತೆಳ್ಳಗಿನ, ಉದ್ದನೆಯ, ಹಗುರ ಅಲಗು ಸಾಕು. ದಿನವಿಡೀ ಬೀಸಬೇಕಲ್ಲ, ಭಾರ ಇದ್ದರೆ ತೋಳು ಬಿದ್ದು ಹೋಗುತ್ತೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕಾಲಿನ್ಸ್ ಅನ್ನೋ ಕಂಪನಿ 1826ರಲ್ಲಿ ಕೊಡಲಿ ಮಾಡೋಕೆ ಶುರುವಾಗಿ, ಮುಂದೆ ಮಚೆಟೆಗೇ ಹೆಸರಾಯಿತು. ಅದರ ಸುತ್ತ ಬೆಳೆದ ಊರಿಗೂ ಕಾಲಿನ್ಸ್‌ವಿಲ್ ಅಂತಲೇ ಹೆಸರು. 1966ರಲ್ಲಿ ಮುಚ್ಚಿತು. ಅವರು ದೇಶಕ್ಕೊಂದು ಬೆಳೆಗೊಂದು ನಮೂನೆ ಮಾಡ್ತಿದ್ದರು. ಕಬ್ಬಿಗೆ ಅಗಲ ಮೂತಿ, ಪೊದೆಗೆ ಬಾಗಿದ ಮೂತಿ, ಹೀಗೆ. ಆ ನಮೂನೆಗಳಲ್ಲಿ ದಿನಗೂಲಿಯ ಕೆಲಸಕ್ಕೆ ಹೋದವೆಲ್ಲ ಹೆಚ್ಚುಕಮ್ಮಿ ಒಂದೇ ಅಲಗಿನವು.

ಇಲ್ಲಿ ಒಂದು ತಿರುವು ಇದೆ. ಕೂಬಾ ದ್ವೀಪದಲ್ಲಿ 1868ರ ಅಕ್ಟೋಬರಿನಲ್ಲಿ ಕಾರ್ಲೋಸ್ ಮಾನ್ವೆಲ್ ದೆ ಸೆಸ್ಪೆದೆಸ್ ಅನ್ನೋ ಜಮೀನ್ದಾರ ತನ್ನ ಸಕ್ಕರೆ ಆಲೆಯಲ್ಲಿದ್ದ ಗುಲಾಮರನ್ನ ಬಿಡುಗಡೆ ಮಾಡಿ ಸ್ಪೇನಿನ ಆಳ್ವಿಕೆ ಮೇಲೆ ದಂಗೆ ಎದ್ದ. ದಂಗೆಕೋರರ ಹತ್ತಿರ ಬಂದೂಕು ಇಲ್ಲ, ಮದ್ದು ಇಲ್ಲ. ಇದ್ದದ್ದು ಕಬ್ಬು ಕಡಿಯೋ ಮಚೆಟೆ. ಮಾಕ್ಸಿಮೋ ಗೋಮೆಸ್ ಅನ್ನೋ ದಂಡನಾಯಕ ಅದನ್ನೇ ಹಿಡಿಸಿ ಸ್ಪೇನಿನ ಸೈನ್ಯದ ಮೇಲೆ ನುಗ್ಗಿಸಿದ. ಹತ್ತು ವರ್ಷ ಆ ಯುದ್ಧ ನಡೀತು. ಮಚೆಟೆಗೆ ಖಡ್ಗದ ಮರ್ಯಾದೆ ಬಂದದ್ದು ಹೀಗೆ. ಗತಿ ಇಲ್ಲದಾಗ ರೈತನ ಹತಾರ ಆಯುಧವಾಗಬಹುದು. ಆದರೆ ಇದಕ್ಕೆ ತಿರುವುಮುರುವಾಗಿ, ಆಯುಧದ ಆಕಾರವನ್ನ ತಂದು ಹತಾರ ಅಂತ ಕೊಟ್ಟಾಗ ಏನಾಯಿತು ಅನ್ನೋದನ್ನ ಎಲೆಕೋಸಿನ ಕತೆಯಲ್ಲಿ ಆಗಲೇ ನೋಡಿದ್ದೀವಿ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಭಾಷೆಯಲ್ಲಿ ಯುದ್ಧದ್ದೂ ಕತ್ತಿ, ತೋಟದ್ದೂ ಕತ್ತಿ. ಹೆಸರು ಒಂದೇ ಆದ್ದರಿಂದ ಗೊಂದಲ ಜಾಸ್ತಿ. ಪಕ್ಕದ ಕೊಡಗಿನಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ, ಒಡಿಕತ್ತಿ. ಅಗಲವಾದ, ಮುಂದಕ್ಕೆ ಬಾಗಿದ, ಒಳಬದಿಗೆ ಒಂದೇ ಅಲಗಿನ ಕತ್ತಿ. ಅದನ್ನ ಬೆನ್ನ ಹಿಂದೆ ತೊಡಂಗ್ ಅನ್ನೋ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ತಾರೆ, ಒರೆ ಇಲ್ಲ. ಯುದ್ಧದ ಕತ್ತಿಯೇ ಆದರೂ ಅದರ ಮೈಕಟ್ಟು ನೋಡಿದರೆ ನಮ್ಮ ಕಾಡು ಕಡಿಯೋ ಕತ್ತಿಯ ದೊಡ್ಡಣ್ಣ ಅನ್ನಿಸುತ್ತೆ. ಕಾಡಿನ ನಾಡಿನಲ್ಲಿ ಬದುಕಿದ ಜನ ಆಯುಧವನ್ನೂ ಹತಾರದ ಆಕಾರದಲ್ಲೇ ಮಾಡಿಕೊಂಡರು. ಕೈಲ್‌ಪೊಳ್ದ್ ಹಬ್ಬ ಬರೋದೂ ನಾಟಿ ಮುಗಿದ ಮೇಲೆ. ಬೇಸಾಯದ ದಿನಗಳಲ್ಲಿ ಒಳಗಿಟ್ಟ ಆಯುಧವನ್ನ ಹೊರಗೆ ತೆಗೆದು ಪೂಜೆ ಮಾಡಿ ಕೈಗೆ ಕೊಡೋ ಹಬ್ಬ ಅದು. ಉಳುವವನೂ ಅವನೇ, ಕಾದುವವನೂ ಅವನೇ.

ಕೊಡವರ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರ ಇದೆ. ಬಾಳೆದಿಂಡು ನಿಲ್ಲಿಸಿ ಒಂದೇ ಏಟಿಗೆ ಕಡೀತಾರೆ. ಇದನ್ನ ಯಾಕೆ ಹೇಳಿದೆ ಅಂದರೆ, ಬಾಳೆದಿಂಡು ಕಡಿಯೋದು ಶೂರತನದ ಗುರುತು. ಕತ್ತಿಯ ಅಲಗು ಹರಿತವಾಗಿದೆ, ಕೈ ಪಳಗಿದೆ ಅನ್ನೋದನ್ನ ತೋರಿಸುತ್ತೆ. ದಿಂಡು ಪೂರಾ ನೀರು, ಮಾಂಸದ ಹಾಗೆ ಮೆತ್ತಗೆ. ಆನ್‌ಲೈನ್ ವಿಡಿಯೋದವರು ತೋರಿಸೋದೂ ಅದನ್ನೇ. ಅದನ್ನ ನೋಡಿ ಹಾಲವಾಣದ ಕೊಂಬೆ ಕಡಿಯುತ್ತೆ ಅಂತ ಲೆಕ್ಕ ಹಾಕಬಾರದು.

ಉಕ್ಕಿನ ವಿಷಯಕ್ಕೆ ಬರ್ತೀನಿ, ಯಾಕೆಂದರೆ "ಫಾರಿನ್ ಸ್ಟೀಲು, ನಮ್ಮ ಕುಲುಮೆಯಲ್ಲಿ ಎಲ್ಲಿ ಬರುತ್ತೆ" ಅಂತ ಒಬ್ಬರು ಹೇಳಿದರು. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬರೋಕೆ ಕಳಿಸಿದ. ಅವನ ವರದಿ 1807ರಲ್ಲಿ ಅಚ್ಚಾಯಿತು. ಹಳ್ಳಿಗಳಲ್ಲಿ ಕಬ್ಬಿಣ ಕರಗಿಸೋದು, ಉಕ್ಕು ಮಾಡೋದು ಎರಡನ್ನೂ ನಿಂತು ನೋಡಿ ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ ಬಾಯಿ ಮೆತ್ತಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತಿ ಕಾಯಿಸ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತೆ. ಆ ಉಕ್ಕಿನಲ್ಲಿ ಕಲ್ಲುಕುಟಿಗರ ಉಳಿ, ಖಡ್ಗದ ಅಲಗು ಆಗ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೀತಿದ್ದರು.

ಉಕ್ಕು ತುಟ್ಟಿ, ಕಬ್ಬಿಣ ಅಗ್ಗ. ಅದಕ್ಕೇ ರೈತನ ಹತಾರಕ್ಕೆ ಮೈ ಪೂರಾ ಕಬ್ಬಿಣ, ಅಂಚಿಗೆ ಮಾತ್ರ ಒಂದು ಪಟ್ಟಿ ಉಕ್ಕು ಬೆಸೆಯೋ ಪದ್ಧತಿ ಇತ್ತು. ಕೊಡಲಿಗೆ ಉಕ್ಕು ಹಾಕಿಸೋದು ಅಂತ ನಮ್ಮ ಹಿರಿಯರು ಹೇಳ್ತಿದ್ದ ಮಾತು ಅದೇ. ಆಮೇಲೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು, ಕಾಡಿನ ಇದ್ದಿಲಿಗೆ ಕಟ್ಟುಪಾಡು ಬಂತು, ಊರೂರ ಒಲೆಗಳು ಆರಿದವು. 1923ರಲ್ಲಿ ಭದ್ರಾವತಿಯಲ್ಲಿ ಕಾರ್ಖಾನೆ ಕಬ್ಬಿಣ ತೆಗೆಯೋಕೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾಗಿ ನಿಂತು ನಡೆಸಿದರು.

ಆಮೇಲೆ ಲಾರಿ, ಜೀಪು ಬಂದ ಮೇಲೆ ಕುಲುಮೆಗಳಿಗೆ ಹೊಸ ಉಕ್ಕು ಸಿಕ್ಕಿತು: ಮುರಿದ ಕಮಾನು ಪಟ್ಟಿ. ಇದು ಸಾಮಾನ್ಯ ಗುಜರಿ ಅಂತ ತಿಳೀಬೇಡಿ. ಹತ್ತು ಟನ್ ಭಾರ ಹೊತ್ತು ಹಳ್ಳದಲ್ಲಿ ಕುಣಿದರೂ ಮುರಿಯಬಾರದು ಅಂತ ಮಾಡಿದ ಉಕ್ಕು ಅದು. ನೂರು ಪಾಲಿನಲ್ಲಿ ಅರ್ಧ ಪಾಲಿಗಿಂತ ಸ್ವಲ್ಪ ಮೇಲೆ ಇಂಗಾಲ ಇರುತ್ತೆ. ಹೆಸರುವಾಸಿ ಮಚೆಟೆಗಳಿಗೆ ಬಳಸುವ ಉಕ್ಕಿನಲ್ಲೂ ಇಂಗಾಲ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಮೂರು ಸಾವಿರದ ಕತ್ತಿಗೂ ಏಳುನೂರರ ಕುಲುಮೆ ಕತ್ತಿಗೂ ಉಕ್ಕಿನಲ್ಲಿ ಮೇಲುಕೀಳು ಹೇಳುವಂಥದ್ದಿಲ್ಲ. ವ್ಯತ್ಯಾಸ ಇರೋದು ಹದದಲ್ಲಿ, ಆಕಾರದಲ್ಲಿ. ಕಾರ್ಖಾನೆಯಲ್ಲಿ ತಗಡು ಪೂರಾ ಒಂದೇ ಹದಕ್ಕೆ ಬರುತ್ತೆ. ಕುಲುಮೆಯಲ್ಲಿ ಆಚಾರ್ರು ಅಲಗಿನ ಕಡೆಯನ್ನ ಮಾತ್ರ ಕೆಂಪಗೆ ಕಾಯಿಸಿ ಅದ್ದಿ, ಬೆನ್ನಿನ ಬಿಸಿ ಅಲಗಿಗೆ ಇಳಿದು ಹುಲ್ಲಿನ ಬಣ್ಣ ದಾಟಿ ಕಂದು ಬಣ್ಣಕ್ಕೆ ತಿರುಗೋದನ್ನ ಕಣ್ಣಲ್ಲೇ ನೋಡಿ ನಿಲ್ಲಿಸ್ತಾರೆ. ಅಲಗು ಗಡುಸು, ಬೆನ್ನು ಮೆತ್ತಗೆ. ಕಲ್ಲಿಗೆ ಬಡಿದರೂ ಕತ್ತಿ ಮುರಿಯಲ್ಲ. ಆದರೆ ಆಚಾರ್ರ ಕಣ್ಣು ತಪ್ಪಿದ ದಿನ ಅಲಗು ಚಕ್ಕೆ ಏಳೋದೂ ಉಂಟು, ಕಾರ್ಖಾನೆಯದ್ದರಲ್ಲಿ ಆ ಭಯ ಕಡಿಮೆ. ಇದನ್ನೂ ಹೇಳಬೇಕು.

ಎಂಟು ದಿನದ ಲೆಕ್ಕ ಈಗ.

ಒಂದು, ಎಳೇ ಕಾಡು. ತರಗು, ಹುಲ್ಲು, ಕಮ್ಯುನಿಸ್ಟ್ ಗಿಡ, ಒಣಗಿದ ಬಾಳೆ ಎಲೆ. ಇದರಲ್ಲಿ ಆನ್‌ಲೈನ್ ಕತ್ತಿ ಬಹಳ ಚೆನ್ನಾಗಿದೆ, ಮುಚ್ಚುಮರೆ ಇಲ್ಲ. ಉದ್ದ ಇರೋದರಿಂದ ಜಾಸ್ತಿ ಬಗ್ಗಬೇಕಿಲ್ಲ. ಬಲಕ್ಕೆ ಬೀಸಿ ಕೈ ತಿರುಗಿಸದೆ ಎಡಕ್ಕೆ ಬೀಸಬಹುದು, ಎರಡೂ ಕಡೆ ಕೊಯ್ಯುತ್ತೆ. ನಮ್ಮ ಕತ್ತಿಯಲ್ಲಿ ಒಂದು ಗಂಟೆ ಹಿಡಿಯೋ ಜಾಗ ಮುಕ್ಕಾಲು ಗಂಟೆಗೆ ಮುಗೀತು.

ಎರಡು, ಲಂಟಾನ. ಇದೂ ಹೊರಗಿಂದ ಬಂದದ್ದೇ, ಅಮೆರಿಕ ಖಂಡದ ಗಿಡ, 19ನೇ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ತಂದದ್ದು. ಬೆರಳು ಗಾತ್ರದ ಕಡ್ಡಿ ಕಡಿಯುತ್ತೆ. ಹೆಬ್ಬೆರಳು ದಾಟಿದ ಹಳೇ ಬುಡಕ್ಕೆ ಹೊಡೆದರೆ ಅಲಗು ಅದುರಿ ಹಿಂದಕ್ಕೆ ಬರುತ್ತೆ. ಅದಕ್ಕೆ ಕಾರಣ ಆಕಾರ. ಖಡ್ಗ ತುದಿಗೆ ಹೋದ ಹಾಗೆ ಸಣ್ಣಗಾಗುತ್ತೆ, ಏಟು ಬೀಳೋ ಜಾಗದಲ್ಲೇ ತೂಕ ಇಲ್ಲ. ನಮ್ಮ ಕತ್ತಿ ಮೂತಿಗೆ ಹೋದ ಹಾಗೆ ಅಗಲ ಆಗುತ್ತೆ, ತೂಕ ಅಲ್ಲೇ ಇದೆ. ಇನ್ನೊಂದು, ಕಡಿದ ಮುಳ್ಳುಕಡ್ಡಿಯನ್ನ ಎಳೆದು ಹಾಕೋಕೆ ಖಡ್ಗದಲ್ಲಿ ಕೊಕ್ಕು ಇಲ್ಲ. ಕೈ ಹಾಕಲೇಬೇಕು.

ಮೂರು, ಬಿದಿರು ಸೀಳೋದು, ಗೂಟ ಚೂಪು ಮಾಡೋದು. ಬಿದಿರಿಗೆ ಕತ್ತಿ ಇಟ್ಟು ಬೆನ್ನಿಗೆ ಕೊಡತಿಯಲ್ಲಿ ಒಂದು ಏಟು ಹಾಕಿದರೆ ಸೀಳುತ್ತೆ. ಖಡ್ಗಕ್ಕೆ ಬೆನ್ನೇ ಇಲ್ಲ, ಎರಡೂ ಕಡೆ ಅಲಗು. ಎಡಗೈ ಬೆನ್ನ ಮೇಲೆ ಇಟ್ಟು ಒತ್ತೋದಕ್ಕೂ ಆಗಲ್ಲ. ಇದರ ಒಳಗುಟ್ಟು ಸುಲಭ. ಎರಡೂವರೆ ಇಂಚು ಅಗಲದ ಒಂದೇ ಅಲಗಿನ ಕತ್ತಿ ದಪ್ಪ ಬೆನ್ನಿನಿಂದ ತೆಳು ಅಲಗಿಗೆ ಇಳಿಯೋಕೆ ಎರಡೂವರೆ ಇಂಚು ಜಾಗ ಇದೆ. ಎರಡು ಅಲಗಿದ್ದರೆ ನಡುವಿನಿಂದ ಅಂಚಿಗೆ ಒಂದೇ ಇಂಚು. ಹಾಗಾಗಿ ನಡು ದಪ್ಪ ಇಟ್ಟರೆ ಅಲಗು ಮೊಂಡಾಗುತ್ತೆ, ಅಲಗು ತೆಳುವಾಗಬೇಕು ಅಂದರೆ ನಡು ತೆಳುವಾಗಬೇಕು.

ನಾಲ್ಕು, ಮರಗಸಿ. ಇದಕ್ಕೆ ದಯವಿಟ್ಟು ಯಾರೂ ಬಳಸಬೇಡಿ. ಮರ ಹತ್ತುವಾಗ ನಮ್ಮ ಕತ್ತಿ ಸೊಂಟದ ಹಿಂದೆ ಕೊಕ್ಕೆಯಲ್ಲಿ ತೂಗುತ್ತೆ, ಕೈ ಹಿಂದೆ ಹಾಕಿದರೆ ಸಿಗುತ್ತೆ. ಖಡ್ಗವನ್ನ ಒರೆಯಿಂದ ತೆಗೆದು ಮತ್ತೆ ಒರೆಗೆ ಹಾಕೋಕೆ ಎರಡು ಕೈ ಬೇಕು. ಮರದ ಮೇಲೆ ಎರಡು ಕೈ ಯಾರಿಗಿದೆ? ಕೊಂಬೆ ಮೇಲೆ ನಿಂತು ಏಟು ಎತ್ತಿದಾಗ ಹಿಂದಿನ ಅಲಗು ನಮ್ಮ ಮೈ ಕಡೆಗೇ ಇರುತ್ತೆ. ಈಗಾಗಲೇ ಮೇಲಿನ ಊರಲ್ಲಿ ಒಬ್ಬ ಹುಡುಗನಿಗೆ ನೆಲದ ಮೇಲೆ ನಿಂತು ಬೀಸುವಾಗಲೇ ಹಿಂದಿನ ಅಲಗು ಭುಜಕ್ಕೆ ತಾಗಿ ಆರು ಹೊಲಿಗೆ ಬಿದ್ದಿವೆ. ಮರದ ಮೇಲಾಗಿದ್ದರೆ ಹೊಲಿಗೆಯ ಮಾತೇ ಬರುತ್ತಿರಲಿಲ್ಲ.

ಐದು, ಮಳೆ. ಪ್ಲಾಸ್ಟಿಕ್ ಹಿಡಿ ಒದ್ದೆಯಾದರೆ ಜಾರುತ್ತೆ. ಹಳೇ ಸೈಕಲ್ ಟ್ಯೂಬು ಸುತ್ತಿದ ಮೇಲೆ ಪರವಾಗಿಲ್ಲ. ಸಾಣೆ ಹಿಡಿಯೋದು ಸುಲಭ, ಅರ ಚೆನ್ನಾಗಿ ಕಚ್ಚುತ್ತೆ. ಕಲ್ಲಿಗೆ ಬಡಿದಾಗ ಅಲಗು ಮಡಚಿತು, ಚಕ್ಕೆ ಏಳಲಿಲ್ಲ. ಆದರೆ ಸಾಣೆ ಹಿಡಿಯೋ ಅಂಚು ಎರಡು ಪಟ್ಟು ಅನ್ನೋದು ನೆನಪಿರಲಿ.

ಆನೆ ಕಾಟ ಇದೆ, ತೋಟಕ್ಕೆ ಹೋಗುವಾಗ ಕೈಯಲ್ಲಿ ಖಡ್ಗ ಇದ್ದರೆ ಧೈರ್ಯ ಅಂತ ಒಬ್ಬರು ಹೇಳಿದರು. ಆನೆ ಮುಂದೆ 19 ಇಂಚು ಯಾವ ಲೆಕ್ಕ? ಕೈಯಲ್ಲಿ ಏನೋ ಇದೆ ಅನ್ನೋ ಧೈರ್ಯದಲ್ಲಿ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಅಲ್ಲಿ ಬೇಕಾದ್ದು ದೂರ ಮತ್ತು ಮುಂಚೆಯೇ ಬರೋ ಸುದ್ದಿ.

ಕಾನೂನಿನ ಮಾತು ಒಂದು. ಆಯುಧ ಇಟ್ಟುಕೊಳ್ಳೋ ಲೆಕ್ಕ ನಮ್ಮ ಸೀಮೆಯಲ್ಲಿ ಹಳೇದು. 1857ರ ದಂಗೆಯ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡರು. ಕೊಡಗಿನವರಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಈಗಿರೋದು 1959ರ ಆಯುಧ ಕಾಯ್ದೆ. ಅದರ ಪ್ರಕಾರ ಮನೆ ಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನು ಆಯುಧ ಅಲ್ಲ. ನಿಯಮದ ಪಟ್ಟಿಯಲ್ಲಿ ಖಡ್ಗದ ಹೆಸರಿದೆ, ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಆಯುಧಗಳೂ ಇವೆ, ಬೇಸಾಯದ್ದು ಬಿಟ್ಟು. ಯಾವ ಜಾಗದಲ್ಲಿ ಪರವಾನಗಿ ಬೇಕು ಅನ್ನೋದು ಸರ್ಕಾರದ ಅಧಿಸೂಚನೆ ಮೇಲೆ ನಿಂತಿದೆ. ನಮ್ಮ ಕತ್ತಿ ಸೊಂಟದಲ್ಲಿದ್ದರೆ ಯಾವ ಪೊಲೀಸಿನವರೂ ಕೇಳೋದಿಲ್ಲ, ನೋಡಿದ ಕೂಡಲೇ ತೋಟದ್ದು ಅಂತ ಗೊತ್ತಾಗುತ್ತೆ. ಎರಡು ಅಲಗಿನ, ಚೂಪು ತುದಿಯ, ಖಡ್ಗ ಅಂತಲೇ ಹೆಸರಿಟ್ಟು ಮಾರಿದ ಸಾಮಾನನ್ನ ಬೈಕಿಗೆ ಕಟ್ಟಿಕೊಂಡು ಚೆಕ್‌ಪೋಸ್ಟ್ ದಾಟುವಾಗ ಬೇಸಾಯದ್ದು ಅಂತ ಒಪ್ಪಿಸೋ ಹೊಣೆ ನಿಮ್ಮ ಮೇಲೆ ಬೀಳುತ್ತೆ. ಚುನಾವಣೆ ಸಮಯ, ಗಲಾಟೆ ಸಮಯದಲ್ಲಿ ಅದು ಸಣ್ಣ ವಿಷಯ ಅಲ್ಲ. ಹುಡುಗರಿಗೆ ಇದನ್ನ ಬಿಡಿಸಿ ಹೇಳಿ.

ಒಟ್ಟು ಲೆಕ್ಕ ಹಿಂಗಿದೆ. ಎಳೇ ಕಳೆ, ಹುಲ್ಲು, ದಾರಿ ಸವರೋದು ಇಷ್ಟೇ ಕೆಲಸ ಇದ್ದವರಿಗೆ ಉದ್ದ ತೆಳು ಅಲಗು ಉಪಯೋಗ ಇದೆ. ಆದರೆ ಆ ಉಪಯೋಗ ಉದ್ದದ್ದು, ಖಡ್ಗದ ಆಕಾರದ್ದಲ್ಲ. ಅದಕ್ಕೆ ಎರಡು ಅಲಗು ಬೇಕಿಲ್ಲ, ಚೂಪು ತುದಿಯಂತೂ ಬೇಡವೇ ಬೇಡ. ತರಿಸಲೇಬೇಕು ಅಂದರೆ ಒಂದೇ ಅಲಗಿನ, ಹದಿನಾರು ಇಂಚಿನೊಳಗಿನ, ಮೂತಿ ಅಗಲ ಇರೋ ಮಚೆಟೆ ತರಿಸಿ. ಅದಕ್ಕಿಂತ ನನ್ನ ಸಲಹೆ, ಹೋಬಳಿಯ ಕುಲುಮೆಗೆ ಹೋಗಿ. ಜೀಪಿನ ಕಮಾನಿನ ತೆಳು ಪಟ್ಟಿಯಲ್ಲಿ ಹದಿನೈದು ಇಂಚಿನ ಕತ್ತಿ, ಸಣ್ಣ ಕೊಕ್ಕು ಇಟ್ಟು ಮಾಡಿಕೊಡಿ ಅಂತ ಕೇಳಿ. ನಾನು ಕೇಳಿದೆ. ಸಾವಿರದ ನೂರು ರೂಪಾಯಿ ಹೇಳಿದ್ದಾರೆ, ಹಿಡಿ ನಮ್ಮದೇ ಮರ.

ನಮ್ಮ ಹೋಬಳಿಯಲ್ಲಿ ನಾನು ಹುಡುಗನಾಗಿದ್ದಾಗ ನಾಲ್ಕು ಕುಲುಮೆ ಇದ್ದವು. ಈಗ ಉಳಿದಿರೋದು ಒಂದು. ಆಚಾರ್ರಿಗೆ ಎಪ್ಪತ್ತು ದಾಟಿದೆ. ಮಗ ಗೇಟು ಗ್ರಿಲ್ಲು ವೆಲ್ಡಿಂಗ್ ಮಾಡ್ತಾನೆ, ಅದರಲ್ಲಿ ದುಡ್ಡಿದೆ, ತಪ್ಪು ಹೇಳೋಕಾಗಲ್ಲ. ಬಣ್ಣ ನೋಡಿ ಹದ ಹಾಕೋ ವಿದ್ಯೆ ಪುಸ್ತಕದಲ್ಲಿ ಸಿಗಬಹುದು, ಆದರೆ ನಮ್ಮ ಹಾಲವಾಣಕ್ಕೆ, ನಮ್ಮ ಲಂಟಾನಕ್ಕೆ ಎಷ್ಟು ಬಾಗಬೇಕು ಅನ್ನೋದು ಆ ಕೈಯಲ್ಲಿ ಮಾತ್ರ ಇದೆ. ವರ್ಷಕ್ಕೆ ಹತ್ತು ಜನ ಹೊಸ ಕತ್ತಿ ಮಾಡಿಸಿ, ಐವತ್ತು ಜನ ಹಳೇದನ್ನ ಹಣಿಸೋಕೆ ಕೊಟ್ಟರೆ ಆ ಮಗನಿಗೂ ತಿದಿ ಹತ್ತಿರ ಕೂರೋಕೆ ಕಾರಣ ಸಿಗುತ್ತೆ.

ಯಾರ ಮನೆ ಅಟ್ಟದಲ್ಲಾದರೂ ಅಜ್ಜನ ಕಾಲದ ಕತ್ತಿ ಇದ್ದರೆ ತುಕ್ಕು ಉಜ್ಜಿ ಒಂದು ಫೋಟೋ ಹಾಕಿ. ಅಲಗಿನ ಉದ್ದ, ಮೂತಿಯ ಅಗಲ, ಬೆನ್ನಿನ ದಪ್ಪ ಮೂರೂ ಅಳೆದು ಬರೀರಿ. ಯಾವ ಕೆಲಸಕ್ಕೆ ಮಾಡಿಸಿದ್ದು ಅಂತ ಮನೆಯ ಹಿರಿಯರನ್ನ ಕೇಳಿ ಅದನ್ನೂ ಸೇರಿಸಿ. ಹತ್ತು ನಮೂನೆ ಸೇರಿದರೆ ರಟ್ಟಿನ ಮೇಲೆ ಅಚ್ಚು ಕತ್ತರಿಸಿ ಕುಲುಮೆಯಲ್ಲಿ ತೂಗುಹಾಕಿ ಬರೋಣ. ಆಯುಧಪೂಜೆಗೆ ಮುಂಚೆ ಆದರೆ ಒಳ್ಳೇದು, ಆಮೇಲೆ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರಲ್ಲ.